ಡಾಲರ್‌ಗೆ ಬರ, ರೊಟ್ಟಿ ತುಟ್ಟಿ

ಮುಸ್ಲಿಂ ದೇಶಗಳ ಆರ್ಥಿಕತೆ ಯಾಕೆ ಹೀಗಿದೆ ಎಂದು ಆಗಾಗ ಕೇಳುತ್ತಾರೆ. ಬ್ಯಾಂಕಿನಲ್ಲಿ ಆಮದು-ರಫ್ತಿನ ಕಾಗದಪತ್ರ ನೋಡುವ ಕೆಲಸ ನನ್ನದು. ಕತಾರ್ ಮತ್ತು ಈಜಿಪ್ಟನ್ನು ಒಂದೇ ಪಟ್ಟಿಗೆ ಸೇರಿಸಿದರೆ ಏನೂ ತಿಳಿಯುವುದಿಲ್ಲ. ಕತಾರ್ ಗ್ಯಾಸ್ ಮಾರಿ ಡಾಲರ್ ಗಳಿಸುತ್ತದೆ. ಈಜಿಪ್ಟಿನಲ್ಲಿ 10 ಕೋಟಿಗೂ ಜಾಸ್ತಿ ಜನ, ಗೋಧಿಗೇ ಹೊರಗಿನವರನ್ನು ನಂಬಬೇಕು. ಧರ್ಮ ಒಂದೇ, ಲೆಕ್ಕ ಬೇರೆ. ಈಜಿಪ್ಟಿನ ಲೆಕ್ಕವನ್ನೇ ನೋಡೋಣ.

2022ರ ಫೆಬ್ರವರಿಯಲ್ಲಿ ಈಜಿಪ್ಟಿನ ಕೇಂದ್ರ ಬ್ಯಾಂಕ್ ಹೆಚ್ಚಿನ ಆಮದುಗಳಿಗೆ ಲೆಟರ್ ಆಫ್ ಕ್ರೆಡಿಟ್, ಅಂದರೆ ಎಲ್‌ಸಿ ಕಡ್ಡಾಯ ಮಾಡಿತು. ಎಲ್‌ಸಿ ಅಂದರೆ, ಕಾಗದಪತ್ರ ಸರಿಯಿದ್ದರೆ ಹಣ ನಾನು ಕೊಡುತ್ತೇನೆ ಎಂದು ಕೊಳ್ಳುವವರ ಬ್ಯಾಂಕ್ ಮೊದಲೇ ಒಪ್ಪಿಕೊಳ್ಳುವುದು. ಹಾಗೆ ಒಪ್ಪಬೇಕಾದರೆ ಬ್ಯಾಂಕಿನ ಹತ್ತಿರ ಡಾಲರ್ ಇರಬೇಕು, ಅಲ್ವಾ? ಅದೇ ತಿಂಗಳು ರಷ್ಯಾ ಉಕ್ರೇನ್ ಮೇಲೆ ನುಗ್ಗಿತು. ಈಜಿಪ್ಟಿಗೆ ಗೋಧಿ ಬರುತ್ತಿದ್ದುದು ಬಹುಪಾಲು ಈ ಎರಡು ದೇಶಗಳಿಂದಲೇ. ಗೋಧಿ ಬೆಲೆ ಏರಿತು. ಹೆಚ್ಚು ಬಡ್ಡಿಯ ಆಸೆಗೆ ಸರ್ಕಾರಿ ಸಾಲಪತ್ರ ಕೊಂಡಿದ್ದ ವಿದೇಶಿಯರು ಸುಮಾರು 2,000 ಕೋಟಿ ಡಾಲರ್ ಹಿಂತೆಗೆದರು. ಎಲ್‌ಸಿ ತೆರೆಯಲಾಗದೆ ಸರಕು ಬಂದರಿನಲ್ಲೇ ಉಳಿಯಿತು. ಅದರಲ್ಲಿ ಕೋಳಿ ಮೇವಿಗೆ ಬೇಕಾದ ಮೆಕ್ಕೆಜೋಳ, ಸೋಯಾ ಕೂಡ ಇತ್ತು. ಆ ಅಕ್ಟೋಬರಿನಲ್ಲಿ ಮೇವಿಲ್ಲದೆ ಸಾಕಣೆದಾರರು ಕೋಳಿಮರಿಗಳನ್ನೇ ಕೊಂದರು. ಒಂದು ಬ್ಯಾಂಕ್ ನಿಯಮ ಎಷ್ಟು ದೂರ ಮುಟ್ಟುತ್ತದೆ ನೋಡಿ. ವರ್ಷದ ಕೊನೆಗೆ ಆ ನಿಯಮವನ್ನು ಕೈಬಿಟ್ಟರು.

ಆದರೆ ಡಾಲರ್ ಕೊರತೆ ತೀರಲಿಲ್ಲ. 2022ರ ಆರಂಭದಲ್ಲಿ ಡಾಲರಿಗೆ 16 ಈಜಿಪ್ಟ್ ಪೌಂಡಿನ ಒಳಗಿದ್ದ ದರ 2024ರ ಮಾರ್ಚಿನಲ್ಲಿ 50ರ ಹತ್ತಿರ ಹೋಯಿತು. ನಡುವೆ ಹಣದುಬ್ಬರ ಶೇ 38 ಮುಟ್ಟಿತ್ತು. ಕೆಂಪು ಸಮುದ್ರದಲ್ಲಿ ಯೆಮನ್‌ನ ಹೂತಿ ಬಂಡುಕೋರರ ದಾಳಿಗೆ ಹೆದರಿ ಹಡಗುಗಳು ದಾರಿ ಬದಲಿಸಿದವು. 2023ರಲ್ಲಿ ಸಾವಿರ ಕೋಟಿ ಡಾಲರಿಗೂ ಜಾಸ್ತಿ ತಂದಿದ್ದ ಈಜಿಪ್ಟಿನ ಸೂಯೆಜ್ ಕಾಲುವೆಯ ಆದಾಯ ಮರುವರ್ಷ ಸುಮಾರು 400 ಕೋಟಿಗೆ ಇಳಿಯಿತು. 2024ರ ಜೂನ್‌ನಲ್ಲಿ ಸರ್ಕಾರಿ ಸಬ್ಸಿಡಿಯ ಒಂದು ರೊಟ್ಟಿ 5 ಪಿಯಾಸ್ಟರ್‌ನಿಂದ 20ಕ್ಕೆ ಏರಿತು (ನೂರು ಪಿಯಾಸ್ಟರ್ ಸೇರಿದರೆ ಒಂದು ಪೌಂಡ್). ಮೂರು ದಶಕಗಳಿಂದ ಯಾರೂ ಆ ಬೆಲೆ ಮುಟ್ಟಿರಲಿಲ್ಲ. 1977ರಲ್ಲಿ ಆಗಿನ ಅಧ್ಯಕ್ಷ ಸಾದತ್ ಆಹಾರ ಸಬ್ಸಿಡಿ ಕಡಿತಕ್ಕೆ ಕೈಹಾಕಿದಾಗ ಜನ ಬೀದಿಗಿಳಿದು, ಅವರು ಹಿಂದೆ ಸರಿಯಬೇಕಾಯಿತು.

2024ರಲ್ಲಿ ಈಜಿಪ್ಟನ್ನು ಉಳಿಸಿದ್ದು ಹೊರಗಿನ ಹಣ. ಮೆಡಿಟರೇನಿಯನ್ ಕರಾವಳಿಯ ರಾಸ್ ಅಲ್ ಹಿಕ್ಮಾ ಎಂಬ ಹೊಸ ನಗರದ ಯೋಜನೆಗೆ ಯುಎಇ 3,500 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡಿತು. ಅದರಲ್ಲಿ 1,100 ಕೋಟಿ ಮೊದಲೇ ಈಜಿಪ್ಟಿನ ಕೇಂದ್ರ ಬ್ಯಾಂಕಿನಲ್ಲಿ ಯುಎಇ ಇಟ್ಟಿದ್ದ ಠೇವಣಿ. ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ತನ್ನ ಸಾಲವನ್ನು 300 ಕೋಟಿಯಿಂದ 800 ಕೋಟಿಗೆ ಏರಿಸಿತು.

ಇಂಥ ಒಪ್ಪಂದ ಪ್ರತಿ ವರ್ಷ ಸಿಗುವುದಿಲ್ಲ. ಸಾಲದ ಡಾಲರ್ ಕೈರೋ ಹೊರಗೆ ಕಟ್ಟುತ್ತಿರುವ ಹೊಸ ರಾಜಧಾನಿಯಂಥ ಯೋಜನೆಗಳಿಗೆ ಹೋದರೆ ವಾಪಸ್ ಡಾಲರ್ ತರುವುದು ಕಷ್ಟ. ಸೇನೆಯೇ ನಡೆಸುವ ಕಂಪನಿಗಳ ಜೊತೆ ಪೈಪೋಟಿ ಮಾಡಲಾಗದೆ ಖಾಸಗಿಯವರು ಕಾರ್ಖಾನೆ ಕಟ್ಟಲು ಹಿಂಜರಿಯುತ್ತಾರೆ. ನನಗೆ ಇದೇ ದೊಡ್ಡ ಚಿಂತೆ. ಹಾಗಾಗಿ ಈಜಿಪ್ಟ್ ಸುಧಾರಿಸುತ್ತಿದೆಯಾ ಎಂದು ತಿಳಿಯಲು ನಾನು ಮೊದಲು ನೋಡುವುದು ಕೇಂದ್ರ ಬ್ಯಾಂಕಿನ ಡಾಲರ್ ಮೀಸಲು ನಿಧಿಯನ್ನಲ್ಲ. ಅಲ್ಲಿನ ಸಣ್ಣ ಕಾರ್ಖಾನೆಯೊಂದಕ್ಕೆ ಯಂತ್ರದ ಬಿಡಿಭಾಗ ತರಿಸಲು ಎಲ್‌ಸಿ ಎಷ್ಟು ಬೇಗ ಸಿಗುತ್ತಿದೆ ಎಂಬುದನ್ನು.