ಜನಾನಾದ ಬಾಗಿಲು ದಾಟಿದವರು ಯಾರು?

ಹತ್ತೊಂಬತ್ತನೇ ಶತಮಾನದ ಯುರೋಪಿಯನ್ನರು ಬರೆದ ಜನಾನಾ ಚಿತ್ರಗಳನ್ನು ಪಾಠ ಮಾಡುವಾಗ ಬಣ್ಣ, ಬೆಳಕು, ಸಂಯೋಜನೆಯ ಮಾತನ್ನು ನಾನು ಆಮೇಲಕ್ಕೆ ಇಟ್ಟುಕೊಳ್ಳುತ್ತೇನೆ. ವಿದ್ಯಾರ್ಥಿಗಳಿಗೆ ಮೊದಲು ಕೇಳುವುದು ಇಷ್ಟೇ: ಪರಗಂಡಸರಿಗೆ ಪ್ರವೇಶವೇ ಇಲ್ಲದ ಕೋಣೆಗೆ ಈ ಚಿತ್ರಕಾರ ಹೋದದ್ದು ಹೇಗೆ?

ಫ್ರೆಂಚ್ ಚಿತ್ರಕಾರ ಆಂಗ್ರ್ ಹೋಗಲೇ ಇಲ್ಲ. ‘ಟರ್ಕಿಶ್ ಸ್ನಾನಗೃಹ’ದ ಮೇಲೆ 1862 ಎಂದು ಬರೆದಾಗ ಅವನಿಗೆ 82 ವರ್ಷ, ಟರ್ಕಿಯನ್ನು ಕಣ್ಣಾರೆ ಕಂಡವನಲ್ಲ. ಅವನು ನೆಚ್ಚಿಕೊಂಡದ್ದು ಟರ್ಕಿಗೆ ಬಂದಿದ್ದ ಬ್ರಿಟಿಷ್ ರಾಯಭಾರಿಯ ಹೆಂಡತಿ ಲೇಡಿ ಮೇರಿ ಮಾಂಟೆಗ್ಯು 1717ರಲ್ಲಿ ಬರೆದ ಪತ್ರಗಳನ್ನು. ಆಗ ಟರ್ಕಿಯ ಆಳ್ವಿಕೆಯಲ್ಲಿದ್ದ ಸೋಫಿಯಾ ನಗರದ ಹಮ್ಮಾಮಿನಲ್ಲಿ, ಅಂದರೆ ಸಾರ್ವಜನಿಕ ಸ್ನಾನಗೃಹದಲ್ಲಿ, ಆಕೆ ಕಂಡ ಹೆಂಗಸರು ಬೆತ್ತಲೆಯಾಗಿದ್ದರು, ನಿಜ. ಆದರೆ ಅವರಲ್ಲಿ ಕೆಲವರು ಹರಟುತ್ತಿದ್ದರು, ಕೆಲವರು ಕೈಕೆಲಸದಲ್ಲಿದ್ದರು, ಕಾಫಿ ಕುಡಿಯುತ್ತಿದ್ದರು, ಜಡೆ ಹೆಣೆಸಿಕೊಳ್ಳುತ್ತಿದ್ದರು. ಒಬ್ಬರ ಹಾವಭಾವದಲ್ಲೂ ಅಸಭ್ಯತೆ ಇರಲಿಲ್ಲ ಎಂದು ಆಕೆ ಒತ್ತಿ ಹೇಳುತ್ತಾಳೆ. ಊರಿನ ಸುದ್ದಿಯೆಲ್ಲ ಹರಡುವ ಆ ಜಾಗವನ್ನು ಹೆಂಗಸರ ಕಾಫಿಮನೆ ಎಂದೇ ಕರೆಯುತ್ತಾಳೆ. ಆಂಗ್ರ್ ಬೆತ್ತಲೆ ಮೈಗಳನ್ನು ಉಳಿಸಿಕೊಂಡು ಸುದ್ದಿಯನ್ನು ಕೈಬಿಟ್ಟ. ಅಷ್ಟೊಂದು ಹೆಂಗಸರಿರುವ ಆ ವೃತ್ತಾಕಾರದ ಚಿತ್ರದಲ್ಲಿ ಒಂದು ಸಂಭಾಷಣೆಯನ್ನು ಹುಡುಕಿ ನೋಡಿ. ಕಣ್ಮುಚ್ಚಿದವರು, ಒರಗಿದವರು, ಶೂನ್ಯದೃಷ್ಟಿಯವರೇ ಹೆಚ್ಚು.

ಇನ್ನೊಬ್ಬ ಫ್ರೆಂಚ್ ಚಿತ್ರಕಾರ ದೆಲಕ್ರುವಾ 1832ರಲ್ಲಿ ಉತ್ತರ ಆಫ್ರಿಕಾದ ಅಲ್ಜಿಯರ್ಸಿನ ಒಂದು ಮನೆಯೊಳಗೆ ಹೋಗಿದ್ದ ಎನ್ನುತ್ತಾರೆ, ಬಂದರಿನ ಫ್ರೆಂಚ್ ಅಧಿಕಾರಿಯೊಬ್ಬನ ನೆರವಿನಿಂದ. ಎರಡೇ ವರ್ಷದ ಹಿಂದೆ ಫ್ರಾನ್ಸ್ ಆ ಊರನ್ನು ವಶಪಡಿಸಿಕೊಂಡಿತ್ತು. ಬೇಡ ಎನ್ನುವ ಧೈರ್ಯ ಆ ಮನೆಯವರಿಗೆ ಎಷ್ಟಿದ್ದೀತು? 1834ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶನಗೊಂಡ ‘ಅಲ್ಜಿಯರ್ಸಿನ ಹೆಂಗಸರು’ ಬಣ್ಣಗಾರಿಕೆಯಲ್ಲಿ ಅಸಾಮಾನ್ಯ ಚಿತ್ರ, ಅದರ ಮುಂದೆ ಎಷ್ಟು ಹೊತ್ತು ನಿಂತರೂ ನನಗೆ ಸಾಲದು. ಆದರೆ ಆ ಬಾಗಿಲು ತೆರೆಸಿದ್ದು ಫ್ರೆಂಚ್ ಸೈನ್ಯ ಎಂಬುದನ್ನು ಬಿಟ್ಟು ಅದನ್ನು ಪಾಠ ಮಾಡಲಾರೆ.

ಕೈರೋದಲ್ಲಿ ವರ್ಷಗಟ್ಟಲೆ ಬಾಳಿದ ಇಂಗ್ಲಿಷ್ ಚಿತ್ರಕಾರ ಜಾನ್ ಫ್ರೆಡರಿಕ್ ಲೂಯಿಸ್‌ಗೆ ಅಲ್ಲಿನ ಮನೆಗಳ ಕಟ್ಟಡ ಚೆನ್ನಾಗಿ ಗೊತ್ತು. ಮರದ ಜಾಲಂಧ್ರದಿಂದ ಇಳಿಯುವ ಬೆಳಕನ್ನು ಅವನಷ್ಟು ತಾಳ್ಮೆಯಿಂದ ಬರೆದವರು ಕಡಿಮೆ. ಆದರೂ ಇಂಗ್ಲೆಂಡಿಗೆ ಮರಳಿದ ಮೇಲೆ, 1873ರ ಚಿತ್ರದಲ್ಲಿ, ಹೆಂಗಸರು ಅತಿಥಿಗಳನ್ನು ಬರಮಾಡಿಕೊಳ್ಳುವುದು ಮಂದಾರಾದಲ್ಲಿ. ಗಂಡಸರು ಗಂಡಸರನ್ನು ಕಾಣುವ ಹಜಾರ ಅದು. ತಾನು ಕೂತು ಎದ್ದ ಕೋಣೆಗೆ ತಾನು ಕಾಣದ ಬದುಕನ್ನು ತಂದು ಕೂರಿಸಿದ್ದಾನೆ.

ಹೆನ್ರಿಯೆಟ್ ಬ್ರೌನ್ ಎಂಬ ಹೆಸರಿನಲ್ಲಿ ಚಿತ್ರ ಬರೆಯುತ್ತಿದ್ದ ಫ್ರೆಂಚ್ ಕಲಾವಿದೆ ಹೆಣ್ಣಾದ್ದರಿಂದಲೇ 1860ರಲ್ಲಿ ಇಸ್ತಾಂಬುಲ್‌ನ ಜನಾನಾದೊಳಗೆ ಹೋದಳು. ಮರುವರ್ಷ ಆಕೆ ಪ್ಯಾರಿಸ್ಸಿಗೆ ತೋರಿಸಿದ್ದು ಮೈತುಂಬ ಉಟ್ಟ ಹೆಂಗಸರನ್ನು, ಹೆಚ್ಚು ಅಲಂಕಾರವಿಲ್ಲದ ಹಜಾರವನ್ನು, ಮನೆಗೆ ಬಂದ ನೆಂಟರನ್ನು. ಹೆಂಗಸರು ಮಾತ್ರ ಟರ್ಕಿಗೆ ಹೋಗಬೇಕು ಎಂಬರ್ಥದಲ್ಲಿ ವಿಮರ್ಶಕ ಗೋತಿಯೆ ಅದನ್ನು ಮೆಚ್ಚಿ ಬರೆದ. ಆದರೂ ನಮ್ಮ ಕಲಾ ಇತಿಹಾಸದ ಪುಸ್ತಕಗಳಲ್ಲಿ ಬ್ರೌನ್ ಸಿಗುವುದು ಅಪರೂಪ. ಅದಕ್ಕೇ ಈಗ ಈ ಪಾಠವನ್ನು ಆಕೆಯ ಚಿತ್ರದಿಂದಲೇ ಶುರುಮಾಡುತ್ತೇನೆ, ಆಂಗ್ರ್ ಆಮೇಲೆ ಬರುತ್ತಾನೆ.