ಆರೂವರೆಗೆ ಬುಸುಗುಡುವ ಗೋಡೆ

ಸಂಜೆ ಆರೂವರೆಗೆ ಸರಿಯಾಗಿ ಕಂಪೌಂಡ್ ಗೋಡೆ ಬುಸ್ಸೆಂದಿತು. ಹಾವೇ ಇರಬೇಕು ಅಂತ ನಾನು ಕಾಲು ಮೇಲೆತ್ತಿ ಕೂತೆ. ಭಾವ ನಕ್ಕರು. ಪುಣೆಯ ಬಾಣೇರ್ ಕಡೆ ಇರುವ ಅವರ ರೋ ಹೌಸಿನ ಗೋಡೆಯುದ್ದಕ್ಕೂ ಈಗ ಪೆನ್ಸಿಲ್ ದಪ್ಪದ ಕರಿ ಪೈಪು ಓಡುತ್ತದೆ. ಅಲ್ಲಲ್ಲಿ ಕಡಲೆಕಾಳಿನಷ್ಟು ಹಿತ್ತಾಳೆ ನಾಝಲ್. ಹಿತ್ತಲ ಮೂಲೆಯಲ್ಲಿ ಡ್ರಮ್ಮು, ಪಂಪು, ಟೈಮರ್. ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ಆರೂವರೆಗೊಮ್ಮೆ ತಲಾ 45 ಸೆಕೆಂಡು ಸೊಳ್ಳೆ ಔಷಧದ ಮಂಜು. ಮಲ್ಲಿಗೆ ಬಳ್ಳಿ ಮಬ್ಬಾಯಿತು, ತುಳಸಿಕಟ್ಟೆ ಮಬ್ಬಾಯಿತು. ಅಕ್ಕ ಚಹಾದ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಓಡಿದಳು.

"ಹೂವಿನಿಂದ ಮಾಡಿದ್ದಪಾ, ಏನೂ ಆಗೂದಿಲ್ಲ" ಅಂದರು ಭಾವ. ಧಾರವಾಡ ಬಿಟ್ಟು 30 ವರ್ಷ ಆದರೂ ಅವರ ಮಾತು ಹಾಗೇ ಇದೆ.

ಸೊಳ್ಳೆಯ ಬಗ್ಗೆ ಅವರ ಹೆದರಿಕೆ ಸುಳ್ಳಲ್ಲ. ಮಹಾರಾಷ್ಟ್ರದ ಮೊದಲ ಝೀಕಾ (ಸೊಳ್ಳೆಯಿಂದ ಹರಡುವ ವೈರಸ್ ಜ್ವರ) ಪ್ರಕರಣ 2021ರ ಜುಲೈನಲ್ಲಿ ಸಿಕ್ಕಿದ್ದು ಪುಣೆ ಜಿಲ್ಲೆಯ ಬೆಲಸರ ಗ್ರಾಮದಲ್ಲೇ. 2024ರಲ್ಲಿ ಅದು ನಗರದೊಳಗೇ ಕಾಣಿಸಿಕೊಂಡಿತು. ಡೆಂಗಿ ಅಂತೂ ಪ್ರತಿ ಮಳೆಗಾಲದ ನೆಂಟ. ಹೆದರಲಿ. ಆದರೆ ಆ "ಹೂವಿನ" ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಕಣಗಿಲೆಯೂ ಹೂವೇ ಅಲ್ವಾ? ಅದನ್ನು ಯಾರಾದರೂ ಪಲ್ಯ ಮಾಡುತ್ತಾರಾ?

ಹೂವಿನ ಕತೆ ಅರ್ಧ ನಿಜ. ಸೇವಂತಿಗೆ ಬಳಗದ ಒಂದು ಬಿಳಿ ಹೂವನ್ನು ಒಣಗಿಸಿ ಪುಡಿ ಮಾಡಿದರೆ ಪೈರೆಥ್ರಮ್ ಎಂಬ ಕೀಟನಾಶಕ. ಮೊದಲು ಕ್ರೊವೇಷಿಯಾದ ಡಾಲ್ಮೇಷಿಯಾ ತೀರದಲ್ಲಿ ಬೆಳೆಯುತ್ತಿದ್ದರು, ಆಮೇಲೆ ಕೀನ್ಯಾದಲ್ಲಿ. ಜಪಾನಿನ ಉಯೆಯಾಮಾ ಎಂಬಾತ ಇದೇ ಪುಡಿಯಿಂದ ಸೊಳ್ಳೆಬತ್ತಿ ಮಾಡಿದ. ಉದ್ದಕ್ಕಿದ್ದ ಬತ್ತಿ ಬೇಗ ಉರಿದು ಮುಗಿಯುತ್ತಿತ್ತು. ಸುರುಳಿ ಸುತ್ತಿ ನೋಡಿ ಅಂದವಳು ಅವನ ಹೆಂಡತಿ ಯುಕಿ. ನಾವು ಕಾಯಿಲ್ ಹಚ್ಚುವಾಗೆಲ್ಲ ಅವಳನ್ನು ನೆನೆಯಬೇಕು. ಆದರೆ ಹೂವಿನ ಔಷಧ ಬಿಸಿಲಿಗೆ ಬಿದ್ದರೆ ಬೇಗ ಕೆಡುತ್ತದೆ. ಹಾಗಾಗಿ 1973ರಲ್ಲಿ ಇಂಗ್ಲೆಂಡಿನ ಕೃಷಿ ಸಂಶೋಧನಾ ಕೇಂದ್ರ ರಾಥಮ್‌ಸ್ಟೆಡ್‌ನಲ್ಲಿ ಮೈಕೆಲ್ ಎಲಿಯಟ್ ಮತ್ತು ಸಂಗಡಿಗರು ಅದನ್ನೇ ಹೋಲುವ, ಬಿಸಿಲಿಗೂ ಜಗ್ಗದ ಪರ್ಮೆಥ್ರಿನ್ ಎಂಬ ಕೃತಕ ಔಷಧ ತಯಾರಿಸಿದರು. ಭಾವನ ಡ್ರಮ್ಮಿನ ಚೀಟಿ ಓದಿದೆ. ಅದರಲ್ಲಿದ್ದದ್ದು ಪರ್ಮೆಥ್ರಿನ್. ಹೂವು ಇದ್ದದ್ದು ಚೀಟಿಯ ಚಿತ್ರದಲ್ಲಿ ಮಾತ್ರ.

ಇರಲಿ. ನನಗೆ ನಿಜವಾಗಿ ಖುಷಿ ಕೊಡುವ ವಿಷಯ ಬೇರೆ: ಹನಿಯ ಗಾತ್ರ.

ಉಪ್ಪಿಟ್ಟಿನ ರವೆಯನ್ನು ಒಂದು ಚಿಟಿಕೆ ಮೇಲಕ್ಕೆ ತೂರಿ, ತಟ್ಟನೆ ನೆಲಕ್ಕೆ ಬೀಳುತ್ತದೆ. ಮೈದಾ ತೂರಿ, ಗಾಳಿಯಲ್ಲೇ ತೇಲಾಡುತ್ತದೆ. ಒಗ್ಗರಣೆಯಲ್ಲೂ ಅಷ್ಟೇ. ಮೆಣಸಿನಕಾಯಿ ಬಾಣಲೆಯಲ್ಲೇ ಇರುತ್ತದೆ, ಅದರ ಘಾಟು ಮಾತ್ರ ಮಹಡಿ ಹತ್ತಿ ಎಲ್ಲರನ್ನೂ ಕೆಮ್ಮಿಸುತ್ತದೆ. ಲೆಕ್ಕ ಹಾಕೋಣ. ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್. 100 ಮೈಕ್ರಾನಿನ ಹನಿ ನಿಂತ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 25 ಸೆಂಟಿಮೀಟರ್ ಇಳಿಯುತ್ತದೆ. ಮೂರು ಮೀಟರ್ ಮೇಲಿಂದ ನೆಲ ಮುಟ್ಟಲು 12 ಸೆಕೆಂಡು ಸಾಕು. 20 ಮೈಕ್ರಾನಿನ ಹನಿಗೆ ಅದೇ ದೂರಕ್ಕೆ ನಾಲ್ಕು ನಿಮಿಷ ಬೇಕು. ಹಾರುವ ಸೊಳ್ಳೆಗೆ ತಗಲುವ ಅವಕಾಶ ಯಾವುದಕ್ಕೆ ಜಾಸ್ತಿ? ಮೇಲಾಗಿ ಒಂದು 100 ಮೈಕ್ರಾನ್ ಹನಿಯ ಔಷಧದಲ್ಲಿ 20 ಮೈಕ್ರಾನಿನ 125 ಹನಿ ಆಗುತ್ತವೆ. ಮಾವಿನಕಾಯಿಗೆ ಒಂದು ದೊಡ್ಡ ಕಲ್ಲು ಬೀರುವುದು ಒಳ್ಳೆಯದೋ, ಬೊಗಸೆ ತುಂಬ ಜಲ್ಲಿ ಬೀರುವುದೋ?

ಹಾಗಂತ ತೀರ ಸಣ್ಣದು ಮಾಡಿದರೂ ಕೆಲಸ ಕೆಡುತ್ತದೆ. ಹೊಳೆಯಲ್ಲಿ ತೇಲಿಬರುವ ಮರದ ದಿಮ್ಮಿ ಬಂಡೆಗೆ ಡಿಕ್ಕಿ ಹೊಡೆಯುತ್ತದೆ. ಒಣ ಎಲೆ ನೀರಿನ ಜೊತೆ ಬಂಡೆಯ ಪಕ್ಕಕ್ಕೆ ಜಾರಿ ಹೋಗುತ್ತದೆ. ತೀರ ಸಣ್ಣ ಹನಿಯೂ ಗಾಳಿಯ ಜೊತೆ ಸೊಳ್ಳೆಯ ಪಕ್ಕದಿಂದ ನುಣುಚಿಕೊಳ್ಳುತ್ತದೆ. ಅದಕ್ಕೇ ಸೊಳ್ಳೆ ಹೊಡೆಯುವ ತಜ್ಞರು 10ರಿಂದ 30 ಮೈಕ್ರಾನ್ ನಡುವಿನ ಹನಿಗಾಗಿ ಯಂತ್ರ, ಗಾಳಿ, ಹೊತ್ತು ಎಲ್ಲವನ್ನೂ ನೋಡಿಕೊಂಡು ಹೊರಡುತ್ತಾರೆ. ಗೋಡೆಯ ನಾಝಲ್‌ಗೆ ಆ ತಲೆಬಿಸಿ ಇಲ್ಲ. ಗಾಳಿ ಬೀಸಲಿ, ಮಳೆ ಸುರಿಯಲಿ, ಸೊಳ್ಳೆ ಇರಲಿ ಬಿಡಲಿ, ಆರೂವರೆ ಆಯಿತೆಂದರೆ ಬುಸ್. ಈ ಪದ್ಧತಿ ಹುಟ್ಟಿದ್ದು ಅಮೆರಿಕದ ಕುದುರೆ ಲಾಯ, ದನದ ಕೊಟ್ಟಿಗೆಗಳಲ್ಲಿ, ನೊಣ ಓಡಿಸಲಿಕ್ಕೆ. ಅಲ್ಲಿ ತಲೆ ಮೇಲೆ ಸೂರಿತ್ತು. ಇಲ್ಲಿ ಅಂಗಳದ ಮೇಲೆ ಆಕಾಶ.

ಇನ್ನು ಡೆಂಗಿ, ಝೀಕಾ ಹರಡುವ ಈಡಿಸ್ ಸೊಳ್ಳೆ. ಕಾಲಿಗೆ ಬಿಳಿ ಪಟ್ಟೆ ಇರುವ, ಹಗಲಲ್ಲೇ ಕಚ್ಚುವ ಜಾತಿ. ರಕ್ತ ಕುಡಿದ ಮೇಲೆ ಅದು ಅಂಗಳದಲ್ಲಿ ಅಡ್ಡಾಡುವುದಿಲ್ಲ. ಮಂಚದ ಕೆಳಗೆ, ಪರದೆ ಹಿಂದೆ, ಗೂಟಕ್ಕೆ ತೂಗಿಬಿಟ್ಟ ಪ್ಯಾಂಟಿನ ಮಡಿಕೆಯಲ್ಲಿ ಸುಮ್ನೆ ಕೂರುತ್ತದೆ. ಗೋಡೆಯ ಮಂಜು ಅಲ್ಲಿಗೆ ಹೋಗುವುದು ಹೇಗೆ? ಬೆಳಗಿನ ಮಂಜು ಹೋಗಿ ಕೂರುವುದು ದಾಸವಾಳದ ಮೇಲೆ, ಜೇನುಹುಳ ಬರುವ ಹೊತ್ತಿಗೆ. ಜೇನಿಗೂ ಮೀನಿಗೂ ಪರ್ಮೆಥ್ರಿನ್ ಕಡು ವಿಷ. ಬೆಕ್ಕಿಗೂ ಆಗಿಬರುವುದಿಲ್ಲ. ಅಕ್ಕ ಕಮಲದ ತೊಟ್ಟಿಯ ಗಪ್ಪಿ ಮೀನುಗಳನ್ನು ಬಕೆಟ್ಟಿಗೆ ಹಾಕಿ ಮೆಟ್ಟಿಲ ಕೆಳಗೆ ಇಟ್ಟಿದ್ದಾಳೆ. ಸೊಳ್ಳೆಮರಿ ತಿನ್ನುವ ಮೀನನ್ನೇ ಸೊಳ್ಳೆ ಔಷಧದಿಂದ ಬಚ್ಚಿಡುವ ಪರಿಸ್ಥಿತಿ ನೋಡಿ! ಸಾಲದ್ದಕ್ಕೆ ಈ ಔಷಧಕ್ಕೆ ಬಗ್ಗದ ಈಡಿಸ್ ಸೊಳ್ಳೆಗಳು ನಮ್ಮ ದೇಶದಲ್ಲೂ ಸಿಕ್ಕಿವೆ. ಔಷಧ ಹೋಗಿ ಕೂರುವ ನರದ ಬಾಗಿಲಿನ ಆಕಾರವೇ ಅವುಗಳಲ್ಲಿ ಬದಲಾಗಿದೆ.

ಇಲ್ಲಿ ಬೆಂಗಳೂರಿನ ಒಂದು ಕತೆ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. 1883ರಲ್ಲಿ ರೊನಾಲ್ಡ್ ರಾಸ್ ಅಲ್ಲಿ ಸೇನೆಯ ಎಳೆಯ ಡಾಕ್ಟರು. ಅವನ ಬಂಗಲೆಗೆ ಸೊಳ್ಳೆ ಕಾಟವೋ ಕಾಟ. ನೋಡಿದರೆ ಕಿಟಕಿಯ ಹೊರಗೇ ಒಂದು ನೀರಿನ ತೊಟ್ಟಿ, ಅದರ ತುಂಬ ಸೊಳ್ಳೆಮರಿ. ತೊಟ್ಟಿ ಮಗುಚಿದ. ಸೊಳ್ಳೆ ಕಡಿಮೆಯಾದವು. ಉಳಿದ ಕಡೆಯೂ ಹೀಗೇ ಮಾಡೋಣ ಅಂತ ಮೇಲಿನ ಅಧಿಕಾರಿಗೆ ಹೇಳಿದರೆ ಅವನು ಒಪ್ಪಲಿಲ್ಲ. ಸೃಷ್ಟಿಯ ಕ್ರಮ ಕೆಡುತ್ತದಂತೆ! ಇದೇ ರಾಸ್ 14 ವರ್ಷದ ನಂತರ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಜೀವಿಯನ್ನು ಕಂಡ. 1902ರಲ್ಲಿ ನೊಬೆಲ್ ಬಂತು.

ಈ ಕತೆಯನ್ನು ರಾತ್ರಿ ಊಟದ ಹೊತ್ತಿಗೆ ಭಾವನಿಗೂ ಹೇಳಿದೆ. ಮರುದಿನ ಬೆಳಿಗ್ಗೆ ಇಬ್ಬರೂ ಮೊಬೈಲ್ ಟಾರ್ಚ್ ಹಿಡಿದು ಮನೆ ಸುತ್ತಿದೆವು. ಕುಂಡದ ಕೆಳಗಿನ ತಟ್ಟೆಗಳು ಒಣ. ಫ್ರಿಜ್ಜಿನ ಹಿಂದಿನ ಟ್ರೇಯನ್ನು ಅಕ್ಕ ತೊಳೆದು ಒರೆಸಿದ್ದಳು. ಕೂಲರ್ ಮಳೆಗಾಲಕ್ಕೆ ಮುಂಚೆಯೇ ಅಟ್ಟ ಸೇರಿತ್ತು. "ಏನರೆ ಅದ ಏನು? ಹೇಳು" ಅಂತ ಭಾವ ಗೆದ್ದ ಮುಖ ಮಾಡಿದರು.

ಕೊನೆಗೆ ಹಿತ್ತಲ ಮೂಲೆ. ಮಳೆಗೆ ನೆನೆಯಬಾರದು ಅಂತ ಡ್ರಮ್ಮು, ಪಂಪಿನ ಮೇಲೆ ನೀಲಿ ತಾಡಪತ್ರಿ ಹೊದಿಸಿದ್ದರು. ಅದರ ನಡು ಜೋತು ಎರಡು ಚೊಂಬಿನಷ್ಟು ಮಳೆನೀರು ನಿಂತಿತ್ತು. ತಿಳಿನೀರು. ಟಾರ್ಚ್ ಬಿಟ್ಟೆ. ದಾರದ ತುಂಡಿನಂಥ ಮರಿಗಳು ತಲೆ ಕೆಳಗೆ ಮಾಡಿ ನೇತಾಡುತ್ತಿದ್ದವು. ನನ್ನ ಕೈ ನೆರಳು ಬಿದ್ದದ್ದೇ ಕೊಂಕಿಕೊಂಡು ತಳಕ್ಕೆ ಓಡಿದವು. ನಡುವೆ ಅಲ್ಪವಿರಾಮದ ಆಕಾರದ ನಾಲ್ಕೈದು ಪ್ಯೂಪಾಗಳು, ಮರಿ ಸೊಳ್ಳೆಯಾಗುವ ಮುಂಚಿನ ರೂಪ, ಇನ್ನೊಂದೆರಡು ದಿನಕ್ಕೆ ಹಾರುವಂಥವು. ನಾಝಲ್‌ಗಳೆಲ್ಲ ಆಚೆಗೆ ಮುಖ ಮಾಡಿದ್ದವು.

ಭಾವ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಬಗ್ಗಿ ನೋಡಿದರು.

"ತಾಡಪತ್ರಿ ಪಂಪಿನವರೇ ಫ್ರೀ ಕೊಟ್ಟಿದ್ರು" ಅಂದರು.