ಭುಜ ಉಳಿಸಿದರೆ ಕೈ, ಕೈ ಉಳಿಸಿದರೆ ಭುಜ: ಕ್ಯಾಚ್ ಕುಸ್ತಿ ನಡೆದುಬಂದ ದಾರಿ

ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ಸೀಮೆಗೊಂದು ಕುಸ್ತಿ ಇತ್ತು. ಕಂಬರ್‌ಲ್ಯಾಂಡ್ ಕಡೆ ಇಬ್ಬರೂ ಎದೆಗೆ ಎದೆ ಕೊಟ್ಟು, ಎದುರಾಳಿಯ ಬೆನ್ನ ಹಿಂದೆ ಕೈ ಹೆಣೆದೇ ಆಟ ಶುರುಮಾಡಬೇಕು. ಕಾರ್ನ್‌ವಾಲ್‌ನಲ್ಲಿ ದಪ್ಪ ಬಟ್ಟೆಯ ಅಂಗಿ ತೊಟ್ಟು ಅದನ್ನೇ ಹಿಡಿದು ಎಸೆಯಬೇಕು. ಲ್ಯಾಂಕಾಶೈರ್‌ನ ವಿಗನ್, ಬೋಲ್ಟನ್ ಸುತ್ತಿನ ಕಲ್ಲಿದ್ದಲು ಗಣಿ ಕಾರ್ಮಿಕರು ಈ ಕಟ್ಟುಗಳಿಗೆ ಸೊಪ್ಪು ಹಾಕಲಿಲ್ಲ. ಕೈ, ಕಾಲು, ಸೊಂಟ, ಎಲ್ಲಿ ಸಿಕ್ಕರೆ ಅಲ್ಲಿ ಹಿಡಿ; ನೆಲಕ್ಕೆ ಬಿದ್ದ ಮೇಲೂ ಆಟ ನಡೆಯಲಿ. ಅದೇ 'ಕ್ಯಾಚ್ ಆ್ಯಸ್ ಕ್ಯಾಚ್ ಕ್ಯಾನ್'. ಪಂದ್ಯಕ್ಕೆ ಹಣ ಕಟ್ಟುತ್ತಿದ್ದರಿಂದ ಮೊದಲೇ ಕರಾರು ಬರೆದು, ಯಾವ ಪಟ್ಟು ನಿಷಿದ್ಧ ಎಂದು ಗೊತ್ತುಮಾಡುತ್ತಿದ್ದರು. ಕತ್ತು ಹಿಸುಕುವುದಕ್ಕೆ ಬಹಳ ಕಡೆ ನಿಷೇಧವಿತ್ತು.

ಎದುರಾಳಿಯ ಎರಡೂ ಭುಜ ನೆಲಕ್ಕೆ ತಾಗಿಸಿದರೆ ಗೆಲುವು; ನೋವು ತಾಳದೆ ಅವನು ಸೋಲೊಪ್ಪಿದರೂ ಗೆಲುವು. ಈ ಎರಡು ದಾರಿ ಒಂದಕ್ಕೊಂದು ಬೆಸೆದುಕೊಂಡಿರುವುದರಲ್ಲೇ ಕ್ಯಾಚ್‌ನ ಜೀವ ಇದೆ. ಬೆನ್ನ ಮೇಲೆ ಬಿದ್ದವನು ಮಲಗಿ ದಣಿವಾರಿಸಿಕೊಳ್ಳುವಂತಿಲ್ಲ, ಚಿತ್ ಆಗಿಬಿಡುತ್ತಾನೆ. ಸೊಂಟ ಎತ್ತಬೇಕು, ಮಗ್ಗುಲಾಗಬೇಕು, ಮೇಲಿದ್ದವನನ್ನು ನೂಕಬೇಕು. ನೂಕಲು ಚಾಚಿದ ಕೈ ಸಿಕ್ಕರೆ ಕೀಲು ತಿರುಚುವ ಪಟ್ಟು, ಅಂದರೆ 'ಹುಕ್', ತಾನಾಗಿ ಬೀಳುತ್ತದೆ.

ಹುಕ್‌ಗಳಲ್ಲಿ ಹೆಸರಾದದ್ದು ಡಬಲ್ ರಿಸ್ಟ್‌ಲಾಕ್. ಎದುರಾಳಿಯ ಎಡ ಮಣಿಕಟ್ಟನ್ನು ನಿಮ್ಮ ಬಲಗೈಯಿಂದ ಹಿಡಿಯಿರಿ. ಎಡಗೈಯನ್ನು ಅವನ ತೋಳಿನ ಮೇಲಿನಿಂದ ಹಾಯಿಸಿ, ಅಡಿಯಿಂದ ತಂದು, ನಿಮ್ಮದೇ ಬಲ ಮಣಿಕಟ್ಟಿಗೆ ಬಿಗಿಯಿರಿ. ಅವನ ಮೊಣಕೈ ಸುಮಾರು 90 ಡಿಗ್ರಿ ಮಡಿಚಿ ನಿಮ್ಮ ಎದೆಗೆ ಅಂಟಿರಬೇಕು. ಆಮೇಲೆ ಅವನ ಮುಂಗೈಯನ್ನು ಬೆನ್ನ ಹಿಂದಕ್ಕೆ, ತಲೆಯ ಕಡೆಗೆ ತಿರುಗಿಸಿದರೆ ಭುಜದ ಕೀಲು ಕಿರುಗುಟ್ಟುತ್ತದೆ. ಮೊಣಕೈಗೂ ಎದೆಗೂ ನಡುವೆ ಸಂದು ಬಿಟ್ಟರೆ ಅವನು ಕೈ ನೆಟ್ಟಗೆ ಮಾಡಿ ಜಾರಿಕೊಳ್ಳುತ್ತಾನೆ. ಬರೀ ತೋಳ್ಬಲದಿಂದ ಎಳೆದರೆ ತನ್ನ ಚಡ್ಡಿಯನ್ನೋ ಇನ್ನೊಂದು ಕೈಯನ್ನೋ ಹಿಡಿದು ಬಚಾವಾಗುತ್ತಾನೆ. ಇಡೀ ಮುಂಡ ತಿರುಗಬೇಕು. ಜೂಡೊದ ಮಸಾಹಿಕೊ ಕಿಮುರಾ 1951ರಲ್ಲಿ ಬ್ರೆಜಿಲ್‌ನಲ್ಲಿ ಅಲ್ಲಿನ ಜಿಯು ಜಿತ್ಸು ಪಟು ಹೆಲಿಯೊ ಗ್ರೇಸಿಯನ್ನು ಸೋಲಿಸಿದ್ದು ಇದೇ ಪಟ್ಟಿನಿಂದ. ಕ್ಯಾಚ್‌ನ ಹೊರಗೆಲ್ಲ ಅದಕ್ಕೆ ಕಿಮುರಾನ ಹೆಸರೇ ಅಂಟಿಕೊಂಡಿದೆ.

ಎದುರಾಳಿಯನ್ನು ಮಗುಚುವ ಹಾಫ್ ನೆಲ್ಸನ್ ಪಟ್ಟು ಸುಲಭದ್ದು, ಆದರೆ ಕೆಡುವುದೂ ಬೇಗ. ಹಿಂದಿನಿಂದ ಕಂಕುಳಲ್ಲಿ ಕೈ ತೂರಿಸಿ ಒತ್ತುವಾಗ ಅಂಗೈ ಕತ್ತಿನ ಬುಡದಲ್ಲಿದ್ದರೆ ಬಲ ವ್ಯರ್ಥ. ಹಿಂದಲೆಯ ಮೇಲ್ಭಾಗಕ್ಕೆ ಇಟ್ಟರೆ ಸನ್ನೆಕೋಲು ಉದ್ದವಾದಂತಾಗಿ ಆಳು ಮಗುಚುತ್ತಾನೆ.

ಅಮೆರಿಕಕ್ಕೆ ಹೋದ ಕ್ಯಾಚ್ ಅಲ್ಲಿನ ಜಾತ್ರೆ ಡೇರೆಗಳಲ್ಲಿ ಇನ್ನಷ್ಟು ಒರಟಾಯಿತು. ಸವಾಲು ಹಾಕಿ ಬಂದ ಊರಿನ ಗಟ್ಟಿ ಆಳು ಗೊತ್ತುಮಾಡಿದಷ್ಟು ಹೊತ್ತು ತಡೆದುಕೊಂಡರೆ ಡೇರೆಯವರು ಬಹುಮಾನ ಕೊಡಬೇಕು. ಹಾಗಾಗಿ ತಕರಾರಿಗೆ ಎಡೆಯಿಲ್ಲದಂತೆ ಬೇಗ ಮುಗಿಸುವ ಹುಕ್‌ಗಳಿಗೆ ಬೆಲೆ ಬಂತು. ಅಯೋವಾದ ಫ್ರಾಂಕ್ ಗಾಚ್‌ನ ಅಸ್ತ್ರ ಟೋ ಹೋಲ್ಡ್: ಬಿದ್ದವನ ಕಾಲು ಮಡಿಚಿ, ಪಾದದ ತುದಿ ಹಿಡಿದು ತಿರುಚಿದರೆ ಕಣಕಾಲು, ಮಂಡಿ ಎರಡಕ್ಕೂ ಸಂಕಟ. ಬೆರಳ ಬುಡ ಬಿಟ್ಟು ಪಾದದ ನಡುವೆ ಹಿಡಿದರೆ ಕೆಲಸ ಕೆಟ್ಟಿತು. 1908ರಲ್ಲಿ ಶಿಕಾಗೊದಲ್ಲಿ ಎರಡು ತಾಸಿನ ಕಾದಾಟದ ನಂತರ ಆಗಿನ ವಿಶ್ವ ಚಾಂಪಿಯನ್ ಜಾರ್ಜ್ ಹ್ಯಾಕನ್‌ಶ್ಮಿಟ್ ಅವನಿಗೆ ಸೋಲೊಪ್ಪಿಕೊಂಡ.

1910ರಲ್ಲಿ ಲಂಡನ್ನಿಗೆ ಹೋದ ಗಾಮಾ ಪೈಲ್ವಾನ ಆಡಿದ್ದೂ ಕ್ಯಾಚ್ ನಿಯಮದಲ್ಲೇ. ಸೆಪ್ಟೆಂಬರ್ 10ರಂದು ಪೋಲೆಂಡಿನ ಸ್ಟಾನಿಸ್ಲಾಸ್ ಜಿಬಿಸ್ಕೊ ಎರಡೂವರೆ ತಾಸಿನಷ್ಟು ಹೊತ್ತು ಬಹುಪಾಲು ಹೊಟ್ಟೆ ಅಡಿಯಾಗಿ ನೆಲ ಕಚ್ಚಿಕೊಂಡೇ ಉಳಿದ, ಪಂದ್ಯ ಸಮ. ಮುಂದಿನ ವಾರ ಅವನು ಬರಲೇ ಇಲ್ಲ, ಗೆದ್ದವನಿಗೆ ಕೊಡುವ ಬೆಲ್ಟ್ ಗಾಮಾಗೆ ಸಂದಿತು. ಹಾಗೆ ಅಂಟಿಕೊಂಡವನನ್ನು ಮಗುಚಲು ನೋವಿನ ಪಟ್ಟೇ ಬೇಕು. ಜಂಗಿ ಕುಸ್ತಿಯ ತಾಲೀಮಿನಲ್ಲಿ ಅದಕ್ಕೆ ಅಷ್ಟು ಒತ್ತಿರಲಿಲ್ಲ ಎಂದೇ ನಮಗೆ ತೋರುತ್ತದೆ. 1928ರಲ್ಲಿ ಪಟಿಯಾಲಾದ ಮಣ್ಣಿನಲ್ಲಿ ಅದೇ ಜಿಬಿಸ್ಕೊ ಒಂದು ನಿಮಿಷವೂ ನಿಲ್ಲಲಿಲ್ಲ ಬಿಡಿ.

ಅಷ್ಟು ಹೊತ್ತಿಗೆ ಅಮೆರಿಕದ ವೃತ್ತಿ ಕುಸ್ತಿ ಮೊದಲೇ ಫಲಿತಾಂಶ ಗೊತ್ತುಮಾಡಿಕೊಂಡ ಪ್ರದರ್ಶನವಾಗಿತ್ತು. ನಿಜವಾದ ವಿದ್ಯೆ ಉಳಿದದ್ದು ವಿಗನ್‌ನ ಬಿಲ್ಲಿ ರೈಲಿಯ 'ಸ್ನೇಕ್ ಪಿಟ್' ಗರಡಿಯಂಥ ಕಡೆ. ಅಲ್ಲಿ ಪಳಗಿದ ಕಾರ್ಲ್ ಗಾಚ್ ಅದನ್ನು ಜಪಾನಿಗೆ ಒಯ್ದ. ಅವನು ಶಿಷ್ಯರಿಂದ ಹೊಡೆಸುತ್ತಿದ್ದ ಕಸರತ್ತಿನಲ್ಲಿ ನಮ್ಮ ಗರಡಿಗಳ ದಂಡ, ಬೈಠಕ್ ಇದ್ದವು. ಅವನ ಶಿಷ್ಯ ಆಂಟೋನಿಯೊ ಇನೋಕಿ 1976ರ ಡಿಸೆಂಬರ್‌ನಲ್ಲಿ ಕರಾಚಿಗೆ ಬಂದು, ಗಾಮಾನ ತಮ್ಮ ಇಮಾಮ್ ಬಕ್ಷ್‌ನ ಮಗ ಅಕ್ರಂ ಪೈಲ್ವಾನನಿಗೆ ಡಬಲ್ ರಿಸ್ಟ್‌ಲಾಕ್ ಹಾಕಿದ. ಅಕ್ರಂ ಸೋಲೊಪ್ಪಲಿಲ್ಲ, ತೋಳು ಕೆಟ್ಟು ಪಂದ್ಯ ನಿಂತಿತು.

ಒಲಿಂಪಿಕ್ಸ್‌ನ ಫ್ರೀಸ್ಟೈಲ್ ಇದೇ ಬೇರಿನದು; ಅದು ಚಿತ್ ಉಳಿಸಿಕೊಂಡು ಹುಕ್ ಬಿಟ್ಟಿತು. ಜಿಯು ಜಿತ್ಸು ಹುಕ್ ಇಟ್ಟುಕೊಂಡಿದೆ, ಚಿತ್‌ಗೆ ಸೋಲಿಲ್ಲ. ಅಲ್ಲಿಂದ ಕ್ಯಾಚ್‌ಗೆ ಬಂದವರು ಬೆನ್ನ ಮೇಲೆ ನಿರಾಳವಾಗಿ ಮಲಗುವ ಅಭ್ಯಾಸ ಬಿಡಬೇಕು. ಫ್ರೀಸ್ಟೈಲ್‌ನವರು ಬಿಡಬೇಕಾದದ್ದು ನೆಲಕ್ಕೆ ಕೈಯೂರಿ ಕಾಯುವುದನ್ನು.